ಹಾಲಿನ ಕೊಬ್ಬು ಎಂದಿದ್ದೆ

ಮೊನ್ನೆ ಆಫೀಸಿಗೆ ಬಂದ ಲಕೋಟೆಯೊಂದನ್ನು ತೆರೆದಾಗ ಕೊಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ದನದ ಬಾಲದ ಕೂದಲು. ಅದರ ಬುಡದ ಡಿಎನ್‌ಎ ಓದಿ, ಯಾವ ಹೋರಿಯ ಕರುಗಳ ಮಾಂಸದಲ್ಲಿ ಕೊಬ್ಬು ಬೆಣ್ಣೆಯಂತೆ ಕರಗೀತು ಎಂದು ಮೊದಲೇ ಲೆಕ್ಕ ಹಾಕುವುದು ನಮ್ಮ ಕೆಲಸ. ಒಮ್ಮೆಯೂ ಬಾಯಿಗಿಡದ ವಸ್ತುವಿನ ರುಚಿಗೆ ಅಂಕ ಕೊಡುವ ಮೈಸೂರಿನ ಸಸ್ಯಾಹಾರಿ ನಾನು! ವಾಸನೆಗೆ ನೆನಪಾದವರು ಅಮೆರಿಕದ ಈ ಪ್ಲೆಸೆಂಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ.

ಬಾಗಲಕೋಟೆ ಕಡೆ ಸರ್ಕಾರಿ ಪಶುವೈದ್ಯರಾಗಿದ್ದವರು, ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದರು. ಇಲ್ಲಿ ಅವರ ವಿದ್ಯೆಯನ್ನು ಕೇಳುವವರೇ ಇರಲಿಲ್ಲ. ನನ್ನ ಕೆಲಸ ದನಗಳದ್ದು ಎಂದು ತಿಳಿದಾಗ ಅವರ ಮುಖ ಅರಳಿತು. ಅದನ್ನು ನೋಡಿ, "ಹಾಲಿನ ಕೊಬ್ಬು ಹೇಗಿದೆ ಅಂತ ನೋಡ್ತೀವಿ ಕಾಕಾ" ಎಂದು ಸುಳ್ಳು ಹೇಳಿಬಿಟ್ಟೆ. ನಿಜ ತಿಳಿದರೆ ದೂರವಾದಾರೆಂಬ ಹೆದರಿಕೆ. ಅಷ್ಟೊಂದು ಯಾಕೆ ಹೆದರಿದೆನೋ... ಈಗಲೂ ಅರ್ಥವಾಗುವುದಿಲ್ಲ.

ಒಂದು ಸಲ ನಮ್ಮ ಲೆಕ್ಕ ದಾರಿ ತಪ್ಪಿತು. ಕಂಪ್ಯೂಟರು ಒಳ್ಳೆಯದೆಂದ ವಂಶದ ಕರುಗಳಲ್ಲೇ ಕೊಬ್ಬು ಗಟ್ಟಿಯಾಗಿ ಬರತೊಡಗಿತು. ನನ್ನ ಕೆಲಸಕ್ಕೇ ಕುತ್ತು ಬಂತು. ಆ ದನಗಳ ಪಟ್ಟಿಯ ಮೇಲಿದ್ದ 'ಮಾಂಸ' ಎಂಬುದನ್ನು ಅಳಿಸಿ, ಪ್ರಿಂಟ್ ತೆಗೆದು ಕಾಕಾನ ಮುಂದಿಟ್ಟೆ. ಎರಡು ದಿನ ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಇವು ಏನ್ ತಿಂದಾವ ಅಂತ ಬರದೇ ಇಲ್ಲಲ್ಲ ಯವ್ವಾ" ಎಂದರು.

ವಿಚಾರಿಸಿದರೆ ಹೌದು! ಮೊದಲಿನ ತಲೆಮಾರಿನವು ಮೆಕ್ಕೆಜೋಳ ತಿಂದು ಬೆಳೆದಿದ್ದವು, ಅವುಗಳ ಕರುಗಳು ಬರೀ ಹುಲ್ಲು. ಮೇವಿನ ಗುಣವನ್ನು ನಾವು ವಂಶದ ಗುಣವೆಂದು ಬರೆದುಕೊಂಡಿದ್ದೆವು. ಕೆಲಸ ಉಳಿಯಿತು. ಖುಷಿಗೆ ಹೋಳಿಗೆ ಮಾಡಿ ಕೊಟ್ಟೆ.

"ಮತ್ತೇನರ ಹೇಳೂದೈತೇನು?" ಎಂದು ಕೇಳಿದ್ದರು, ಹೋಳಿಗೆ ಮುರಿಯುತ್ತಾ.

"ಏನಿಲ್ಲ ಕಾಕಾ" ಎಂದೆ.

ಕಾಕಾ ತೀರಿಹೋಗಿ ಎರಡು ವರ್ಷವಾಯಿತು. ಮೊನ್ನೆ ಮನಸ್ಸು ತಡೆಯದೆ ಅವರ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ನಕ್ಕರು.

"ಅಪ್ಪಾಗ ಅವತ್ತೇ ಗೊತ್ತಾಗಿತ್ತು. ಲಿಸ್ಟಿನಾಗ ಎಲ್ಲಾ ಗಂಡು ಅದಾವ, ಹಾಲು ಎಲ್ಲಿಂದ ಬರ್ತದ ಅಂತ ನಗ್ತಿದ್ರು. ಆಕಿ ತಾನೇ ಬಂದು ಹೇಳ್ತಾಳ, ನೀ ಏನೂ ಕೇಳಬ್ಯಾಡ ಅಂದಿದ್ರು."

ಬೇಸರವಾಗಿತ್ತೇ? ಕ್ಷಮಿಸಿದ್ದರೇ? ಗೊತ್ತಿದ್ದೂ ಎರಡು ದಿನ ಕಣ್ಣು ನೋಯಿಸಿಕೊಂಡು ಯಾಕೆ ಕೂತರು... ಈಗ ಯಾರನ್ನು ಕೇಳಲಿ? ಹೋಗುವ ಹಿಂದಿನ ವಾರದವರೆಗೂ ಅವರು ದಿನಾ ಸಂಜೆ ನನ್ನ ಬಾಗಿಲು ತಟ್ಟುತ್ತಿದ್ದರು. ವಾಕಿಂಗಿಗೆ ಕರೆಯಲು ಬರುತ್ತಾರೆ ಎಂದುಕೊಂಡಿದ್ದೆ.