ಬೆರಳಿನ ಕೆಳಗಷ್ಟೇ

ಬೆಳಿಗ್ಗೆ ಎದ್ದ ಕೂಡಲೇ ತುದಿಯಕ್ಕನಿಗೆ ಒಂದು ಕೆಲಸ. ಮುಖ ತೊಳೆಯುವುದಕ್ಕೂ ಮುಂಚೆ, ಒಲೆ ಹಚ್ಚುವುದಕ್ಕೂ ಮುಂಚೆ, ದಿಂಬಿನ ಮೇಲೆ ಉದುರಿದ ತನ್ನದೇ ಒಂದು ಕೂದಲನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಕತ್ತರಿಯಿಂದ ಕತ್ತರಿಸಿ ನೋಡುವುದು. ಕೂದಲು ಬಾಗದೆ ತುಂಡಾದರೆ ಕತ್ತರಿ ಸರಿಯಿದೆ. ಬಾಗಿದರೆ ಅವತ್ತೇ ಸಾಣೆಗೆ. ಆಮೇಲೆ ಕಣ್ಣು ಮುಚ್ಚಿ, “ಇವತ್ತು ನನ್ನ ಕೈಯಿಂದ ಯಾರಿಗೂ ನೋವಾಗದಿರಲಿ, ದೇವರೇ” ಎಂದು ಒಂದೇ ಒಂದು ಮಾತು. ಜ್ವರದಲ್ಲಿ ಮೈ ಕಾಯುತ್ತಿದ್ದಾಗಲೂ, ತಂಗಿ ತೀರಿಕೊಂಡ ಮಾರನೆಯ ಬೆಳಿಗ್ಗೆಯೂ ಅವಳು ಇದನ್ನು ತಪ್ಪಿಸಿದವಳಲ್ಲ.

ಅವಳ ಹೊಟ್ಟೆಪಾಡು ಕೂದಲಿನದಲ್ಲ, ಹಗ್ಗದ್ದು. ಹಗ್ಗ ಹೊಸೆಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಿಷನ್ನಿಗೆ ನಾರು ಕೊಡುತ್ತಿದ್ದಳು. ಕೂದಲಿನ ಕೆಲಸ ಊಟದ ಬಿಡುವಿನಲ್ಲಿ, ಹಿಂದಿನ ಅಂಗಳದಲ್ಲಿ, ಮಗುಚಿ ಹಾಕಿದ ಒಂದು ಡ್ರಮ್ಮಿನ ಮೇಲೆ ಕೂರಿಸಿಕೊಂಡು. ಉದ್ದ ಕೂದಲಿನ ಹೆಂಗಸರಿಗೆ ಕತ್ತರಿ ಎಂದರೆ ಎದೆ ಢವಢವ. ಅಂಗಡಿಯಲ್ಲಿ ಕೂತು ‘ಒಂದು ಬೆರಳಗಲ ಸಾಕು’ ಎಂದರೆ ಒಂದು ಗೇಣು ಹಾರಿಸಿ, ‘ಈಗ ನೋಡಿ ಎಷ್ಟು ಲಕ್ಷಣ’ ಎಂದು ಕನ್ನಡಿ ತೋರಿಸುತ್ತಾರೆ. ತುದಿಯಕ್ಕ ಹಾಗಲ್ಲ. ನೀರು ಸೋಕಿಸುತ್ತಿರಲಿಲ್ಲ. ಒದ್ದೆ ಕೂದಲು ಎಳೆದಷ್ಟು ಹಿಗ್ಗುತ್ತದೆ, ಒಣಗಿದ ಮೇಲೆ ಮೇಲಕ್ಕೆ ಹೋಗಿ ಕೂರುತ್ತದೆ, ಅದರ ಮಾತು ನಂಬಬಾರದು ಎನ್ನುತ್ತಿದ್ದಳು. ತುದಿಯಿಂದ ಬಾಚಿಕೊಂಡು ಮೇಲೆ ಹೋಗಿ, ಎರಡು ಭಾಗ ಮಾಡಿ ಭುಜದ ಮುಂದಕ್ಕೆ ತಂದು, “ನೀನೇ ಹಿಡ್ಕೋ” ಎನ್ನುವಳು. “ಕತ್ತರಿ ನಂದು, ಬೆರಳು ನಿಂದು. ನೀನೆಲ್ಲಿ ಹಿಡೀತೀಯೋ ಅದರ ಕೆಳಗೆ ಮಾತ್ರ.” ಸೀಳಿದ ತುದಿಯಷ್ಟೇ ನೆಲಕ್ಕೆ ಬೀಳುತ್ತಿತ್ತು. ಹೆಸರು ಹಾಗೇ ಬಂತು. ಸ್ವಂತ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಇರಲಿಲ್ಲ.

ಅದೇ ಕಾರ್ಖಾನೆಗೆ ಅವಳ ತಂಗಿಯ ಮಗಳೂ ಬರುತ್ತಿದ್ದಳು. ತಾಯಿ ಸತ್ತಾಗ ಆರು ವರ್ಷ, ಈಗ ಹತ್ತೊಂಬತ್ತು. ತೊಡೆ ಮುಟ್ಟುವ ಜಡೆ, ಮಣಿಕಟ್ಟಿನಷ್ಟು ದಪ್ಪ. ತಾಯಿಯ ಕೂದಲೂ ಹೀಗೇ ಇತ್ತು, ಅದೇ ಬಣ್ಣ, ಕಿವಿಯ ಹಿಂದೆ ಅದೇ ಒಂದು ಸುರುಳಿ. ಜಡೆ ಹೆಣೆಯುವಾಗ ಒಮ್ಮೊಮ್ಮೆ ತುದಿಯಕ್ಕನ ಕೈ ನಿಂತುಬಿಡುತ್ತಿತ್ತು. “ಯಾಕೆ ದೊಡ್ಡಮ್ಮ, ಹೇನು ಸಿಕ್ತಾ?” ಎಂದು ಹುಡುಗಿ ನಗುತ್ತಿದ್ದಳು.

ಒಂದು ಸೋಮವಾರ ಮೇಸ್ತ್ರಿ ಗೇಟಿನಲ್ಲಿ ನಿಂತು ಹೊಸ ಕಾನೂನು ಹೇಳಿದ. ಕೂದಲು ಮೊಣಕೈಗಿಂತ ಕೆಳಗೆ ಇಳಿಯಬಾರದು, ಟೋಪಿಯೊಳಗೆ ಹಿಡಿಸಬೇಕು. ಇಲ್ಲದವರು ಮನೆಯಲ್ಲೇ ಇರಬಹುದು. ಬೇರೆ ಯಾವುದೋ ಊರಿನ ಕಾರ್ಖಾನೆಯಲ್ಲಿ ಒಬ್ಬಳ ಜಡೆ ಶಾಫ್ಟಿಗೆ ಸಿಕ್ಕಿತ್ತಂತೆ. ಶಾಫ್ಟು ಎಂದರೆ ಗೋಡೆಯುದ್ದಕ್ಕೂ ಸೊಂಟದೆತ್ತರದಲ್ಲಿ ಗಿರಗಿರ ತಿರುಗುವ ಕಬ್ಬಿಣದ ಸಲಾಕೆ. ಎಲ್ಲ ಮಿಷನ್ನುಗಳ ಬೆಲ್ಟೂ ಅದರ ಮೇಲೇ. ಕಾನೂನೇನೋ ಸರಿಯೇ. ಹೇಳುವ ಬಾಯಿ ಮಾತ್ರ ಹೊಲಸು.

“ನಮ್ಮ ಕೂದಲಿನ ಮೇಲೆ ನಿಮ್ಮ ಕಣ್ಣು ಯಾವಾಗಿಂದ ಮೇಸ್ತ್ರಿ? ನಿಮ್ಮ ತಲೇಲಿ ಉಳಿದಿಲ್ಲ ಅಂತಾನಾ?” ಎಂದಳು ನೂಲು ಸುತ್ತುವ ವಿಭಾಗದವಳೊಬ್ಬಳು. ಹೆಂಗಸರು ಕಿಸಕ್ಕನೆ ನಕ್ಕರು.

ಮೇಸ್ತ್ರಿ ನಗಲಿಲ್ಲ. ಎರಡು ಹೆಜ್ಜೆ ಬಂದು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಎಳೆದ. ಅವಳು ಮೊಣಕಾಲೂರಿ ಬಿದ್ದಳು. ಹಗ್ಗ ಕೊಯ್ಯುವ ಬಾಗುಕತ್ತಿ ಅವನ ಸೊಂಟದಲ್ಲೇ ಇರುತ್ತಿತ್ತು. ಕತ್ತಿನ ಹತ್ತಿರ ಇಟ್ಟು, ಗರಗಸದಂತೆ ಹಿಂದೆ ಮುಂದೆ ಎಳೆದು ಕೊಯ್ದ. ಕತ್ತಿ ಮೊಂಡಾಗಿತ್ತು. ಅವಳು ಚೀರುತ್ತಿದ್ದಳು, ಕತ್ತಿನ ಹಿಂಭಾಗದಿಂದ ರಕ್ತದ ಗೆರೆ ಇಳಿಯುತ್ತಿತ್ತು. ತುಂಡಾದ ಜಡೆಯನ್ನು ಸತ್ತ ಹಾವನ್ನು ಎಸೆಯುವಂತೆ ಚರಂಡಿಗೆ ಎಸೆದು, ಅವನು ತುದಿಯಕ್ಕನ ಕಡೆ ತಿರುಗಿದ.

“ಉಳಿದವರದ್ದು ನೀನು ಕತ್ತರಿಸ್ತೀಯೋ, ನಾನೇ ಕತ್ತರಿಸ್ಲೋ? ನಾಳೆ ಬೆಳಿಗ್ಗೆ ಒಬ್ಬೊಬ್ಬರದ್ದೂ ಅಳೆದು ಒಳಗೆ ಬಿಡ್ತೀನಿ.”

“ನಾನೇ ಕತ್ತರಿಸ್ತೀನಿ” ಎಂದಳು. ಬೇರೆ ದಾರಿ ಇರಲಿಲ್ಲ.

ಆ ಮಧ್ಯಾಹ್ನ ಡ್ರಮ್ಮಿನ ಮುಂದೆ ಸಾಲು ನಿಂತಿತು. ಮೊಣಕೈಗೆ ಸರಿಯಾಗಿ, ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲದೆ, ಹದಿನೇಳು ಜನರದ್ದು ಮುಗಿಸಿದಳು. ಕೆಲವರು ಅತ್ತರು. ಕೆಮ್ಮಜ್ಜಿ ಮಾತ್ರ, “ನನ್ನ ನಾಲ್ಕು ಎಳೆಗೂ ಲೆಕ್ಕ ಉಂಟೇನೇ? ಕತ್ತರಿಗೆ ಅವಮಾನ ಕಣೇ” ಎಂದು ಎಲ್ಲರನ್ನೂ ನಗಿಸಿದಳು. ನಾರಿನ ಧೂಳು ಕುಡಿದು ಕುಡಿದು ಅವಳಿಗೆ ಆ ಹೆಸರು, ಆ ಕೆಮ್ಮು.

ಕೊನೆಯಲ್ಲಿ ತಂಗಿಯ ಮಗಳು ಕೂತಳು. ಕೂದಲನ್ನು ಮುಂದೆ ತಂದು ಬೆರಳು ಹಿಡಿದಳು, ತುದಿಯಿಂದ ನಾಲ್ಕೇ ಬೆರಳು ಮೇಲೆ.

“ಅಲ್ಲಲ್ಲ ಪುಟ್ಟೀ. ಮೊಣಕೈ.”

“ಅಷ್ಟು ಹೋದ್ರೆ ಅಮ್ಮನ ಕೂದಲು ಎಲ್ಲಿ ಉಳೀತು ದೊಡ್ಡಮ್ಮ? ನೀನೇ ಹೇಳು.”

ಆ ಮಾತು ನೇರ ಎದೆಗೆ ಬಂದು ತಾಕಿತು. ತುದಿಯಕ್ಕ ಸುತ್ತ ನೋಡಿದಳು. ಎಲ್ಲರೂ ಕೈ ತೊಳೆಯಲು ಹೋಗಿದ್ದರು. ಬೆರಳಿನ ಕೆಳಗಿನ ನಾಲ್ಕು ಬೆರಳಷ್ಟನ್ನು ಕತ್ತರಿಸಿದಳು. ಮಾರನೆಯ ಬೆಳಿಗ್ಗೆ ಮನೆಯಲ್ಲಿ ಜಡೆ ಹೆಣೆದು, ಕೆಳಗಿನ ಅರ್ಧವನ್ನು ಒಳಮುಖವಾಗಿ ಮಡಚಿ, ಬುಡದ ಹತ್ತಿರ ಕಪ್ಪು ದಾರದಿಂದ ಬಿಗಿದಳು. ನೋಡಿದವರಿಗೆ ಮೊಣಕೈ ಮಟ್ಟದ ದಪ್ಪ ಜಡೆ. ಗೇಟಿನಲ್ಲಿ ಮೇಸ್ತ್ರಿ ಕೋಲು ಹಿಡಿದು ಅಳೆದ, “ಹೂಂ” ಎಂದ. ಹುಡುಗಿ ಒಳಗೆ ಬಂದವಳೇ ದೊಡ್ಡಮ್ಮನ ಸೊಂಟ ಚಿವುಟಿದಳು. ತುದಿಯಕ್ಕನಿಗೆ ಒಳಗೊಳಗೇ ಹಿಗ್ಗು. ಅವಳ ಕೈಚಳಕ ಅಂಥದ್ದು.

ಮಡಚಿದ ಜಡೆ ಟೋಪಿಯೊಳಗೆ ಹಿಡಿಸುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಟೋಪಿಯ ಲಾಡಿಯನ್ನು ಇನ್ನೊಂದು ಸುತ್ತು ಬಿಗಿದು ಸಮಾಧಾನ ಮಾಡಿಕೊಂಡಳು.

ಬುಧವಾರವೂ ಹಾಗೇ ಕಳೆಯಿತು. ಗುರುವಾರ ಮಧ್ಯಾಹ್ನ, ಊಟವಾಗಿ ಒಂದು ಗಂಟೆಯ ಮೇಲೆ, ಹುಡುಗಿ ತುಂಡಾದ ನಾರನ್ನು ಹಿಡಿಯಲು ಶಾಫ್ಟಿನ ಪಕ್ಕ ಬಗ್ಗಿದಳು. ಜಡೆಗೆ ಬಿಗಿದಿದ್ದ ದಾರ ಕಡಿದುಹೋಯಿತು. ಮಡಚಿದ ಜಡೆ ಬಿಚ್ಚಿ, ಟೋಪಿಯನ್ನು ತಳ್ಳಿಕೊಂಡು ಹೊರಬಿದ್ದು, ಅದರ ತುದಿ ಸಲಾಕೆಗೆ ತಾಗಿತು. ತಾಗಿದ್ದಷ್ಟೇ. ಎರಡು ಸುತ್ತು, ಮೂರು ಸುತ್ತು. ಹುಡುಗಿಯ ತಲೆ ಹೋಗಿ ಕಬ್ಬಿಣಕ್ಕೆ ಬಡಿಯಿತು.

ತುದಿಯಕ್ಕ ಮೂರು ಮಿಷನ್ನಿನಾಚೆ ಇದ್ದಳು. ಆ ಗದ್ದಲದಲ್ಲಿ ಚೀರಾಟ ಕೇಳಲಿಲ್ಲ, ಒದ್ದಾಡುವ ಕಾಲು ಕಂಡಿತು. ಓಡಿದಳು. ಪ್ರತಿ ಮಿಷನ್ನಿನ ಮೇಲೂ ನಿಲ್ಲಿಸುವ ಹಿಡಿಕೆಯೊಂದು ನೇತಾಡಬೇಕು. ಜಗ್ಗಿದರೆ ಇಡೀ ಸಾಲು ನಿಲ್ಲುತ್ತದೆ. ಕೈ ಎತ್ತಿದಳು, ಹಿಡಿಕೆ ಇರಲಿಲ್ಲ. ಮೇಲೆ, ತೊಲೆಯ ಹತ್ತಿರ, ಹಗ್ಗದಲ್ಲಿ ಸುತ್ತಿ ಕಟ್ಟಿತ್ತು. ಹೆಂಗಸರು ಮಾತುಮಾತಿಗೆ ಮಿಷನ್ನು ನಿಲ್ಲಿಸುತ್ತಾರೆ ಎಂದು ಹದಿನೈದು ದಿನದ ಹಿಂದೆ ಮೇಸ್ತ್ರಿಯೇ ಕಟ್ಟಿಸಿದ್ದು. ಜಿಗಿದಳು. ಎಟುಕಲಿಲ್ಲ. ಇನ್ನೊಮ್ಮೆ ಜಿಗಿದಳು.

“ಅಜ್ಜೀ, ಮೋಟರು!” ಎಂದು ಕಿರುಚಿದಳು. ಕೆಮ್ಮಜ್ಜಿ ಕೆಮ್ಮುತ್ತಲೇ ಆ ತುದಿಯ ಮೋಟರು ಕೋಣೆಗೆ ಓಡಿದಳು. ಅದು ನಲವತ್ತು ಹೆಜ್ಜೆ ದೂರ.

ನಲವತ್ತು ಹೆಜ್ಜೆಯಷ್ಟು ಸಮಯ ಹುಡುಗಿಗಿರಲಿಲ್ಲ. ಹಣೆಯ ಅಂಚಿನ ಚರ್ಮ ಏಳುತ್ತಿತ್ತು, ಹಳೆಯ ಗೋಣಿ ಹರಿದ ಸದ್ದು. ತುದಿಯಕ್ಕ ಸೊಂಟದ ಕತ್ತರಿ ಎಳೆದಳು, ಒಂದು ಕಾಲನ್ನು ಮಿಷನ್ನಿಗೆ ಒತ್ತಿ, ಎಡಗೈಯಲ್ಲಿ ಜಡೆಯ ಬುಡ ಹಿಡಿದು ತನ್ನೆಡೆಗೆ ಜಗ್ಗಿದಳು. ತುದಿ ಕತ್ತರಿಸುವ ಪುಟ್ಟ ಕತ್ತರಿ ಅದು. ಆ ದಪ್ಪದ ಮೇಲೆ ಜಾರಿತು. ಎಳೆ ಎಳೆಯಾಗಿ ಕಚ್ಚಿ ಕಚ್ಚಿ ಕೊಯ್ದಳು. ಕತ್ತರಿ ಎಲ್ಲಿ ಹೋಗುತ್ತಿದೆ ಎಂದು ನೋಡಲಿಲ್ಲ. ತನ್ನ ಹೆಬ್ಬೆರಳಿಗೆ ಹೋಯಿತು, ಹುಡುಗಿಯ ಕಿವಿಯ ಮೇಲ್ತುದಿಗೆ ಹೋಯಿತು, ಬಿಸಿ ರಕ್ತದಲ್ಲಿ ಹಿಡಿ ಜಾರುತ್ತಿತ್ತು. ಇಪ್ಪತ್ತೆರಡು ವರ್ಷ ಬೆರಳಿನ ಕೆಳಗೆ ಮಾತ್ರ ಎಂದವಳು ಬುಡಕ್ಕೇ ಇಟ್ಟು ಕೊಯ್ದಳು. ಕೊನೆಯ ಎಳೆ ಹೋದಾಗ ಇಬ್ಬರೂ ಹಿಂದಕ್ಕೆ ಬಿದ್ದರು. ಜಡೆ ಸಲಾಕೆಯ ಸುತ್ತ ಪಟಪಟ ಬಡಿಯುತ್ತ ತಿರುಗುತ್ತಲೇ ಇತ್ತು. ಆಮೇಲೆ ಮೋಟರು ನಿಂತಿತು.

ಆ ನಿಶ್ಶಬ್ದದೊಳಗೆ ಮೇಸ್ತ್ರಿ ಬಂದ. ನೆಲದ ಮೇಲಿದ್ದುದನ್ನು ಅವನಿನ್ನೂ ನೋಡಿರಲಿಲ್ಲ.

“ಯಾವಳೇ ಅವಳು ಮೋಟರು ಆರಿಸಿದ್ದು?” ಎಂದ.

ತುದಿಯಕ್ಕ ಎದ್ದಳು. ಕೈಗೆ ಸಿಕ್ಕಿದ್ದು ಹಗ್ಗ ಸುತ್ತುವ ಮರದ ಕೊರಡು, ಮೊಣಕೈಯುದ್ದದ್ದು. ಬೀಸಿದಳು. ಅವನು ತೋಳು ಅಡ್ಡ ಕೊಟ್ಟ. ಒಣ ಕಟ್ಟಿಗೆ ಮುರಿದಂತೆ ಕೇಳಿಸಿತು. ಮತ್ತೆ ಬೀಸಿದಳು, ಬಾಯಿಗೆ. ಬಿದ್ದವನ ಮೇಲೆ ಕೂತು ಮತ್ತೆ. ಅವನು “ಅಕ್ಕಾ, ಅಕ್ಕಾ” ಎನ್ನುತ್ತಿದ್ದ, ಅವಳಿಗೆ ಅದು ಭಾಷೆಯಾಗಿ ಕೇಳಿಸಲಿಲ್ಲ. ಕತ್ತಿನ ಹಿಂದೆ ಬ್ಯಾಂಡೇಜು ಕಟ್ಟಿಕೊಂಡಿದ್ದ ಆ ನೂಲು ಸುತ್ತುವವಳು ಅವನ ಪಕ್ಕೆಗೆ ಎರಡು ಒದ್ದಳು. ಕೊನೆಗೆ ಕೆಮ್ಮಜ್ಜಿಯೇ ಬಂದು ಹಿಂದಿನಿಂದ ತುದಿಯಕ್ಕನನ್ನು ತಬ್ಬಿ ಎಳೆದಳು. “ಸಾಕು ಮಾರಾಯ್ತಿ, ಸತ್ತು ಗಿತ್ತಾನು. ಅಲ್ಲಿ ಮಗಳಿಗೆ ಉಸಿರಿದೆ, ಬಾ.”

ಆಸ್ಪತ್ರೆಯಲ್ಲಿ ಹಣೆಯಿಂದ ಎಡಗಿವಿಯವರೆಗೆ ಹೊಲಿಗೆ ಹಾಕಿದರು. ಮೂರನೆಯ ದಿನ ಹುಡುಗಿಗೆ ಪೂರ್ತಿ ಎಚ್ಚರವಾಯಿತು. ಊದಿದ ಕಣ್ಣನ್ನು ಅರ್ಧ ತೆರೆದು, “ಎಷ್ಟು ಉಳೀತು ದೊಡ್ಡಮ್ಮ?” ಎಂದಳು.

ತುದಿಯಕ್ಕ ಅವಳ ಹೊದಿಕೆ ಸರಿಮಾಡಿದಳು. “ನೀನು ಉಳಿದೆ” ಎಂದಳು.

ಹುಡುಗಿ ಗೋಡೆಯ ಕಡೆ ಮುಖ ಮಾಡಿದಳು. ಸಂಜೆಯವರೆಗೂ ತಿರುಗಲಿಲ್ಲ. ತಿರುಗಿದಾಗ ಕೇಳಿದ್ದು ಬೇರೆ. “ನನ್ನ ತಪ್ಪು ಅಂತ ವರದಿಯಲ್ಲಿ ಬರೀತಾರಂತೆ, ಹೌದಾ? ಹಾಗೆ ಬರೆದ್ರೆ ಯಾವ ಕಾರ್ಖಾನೆಯವರೂ ಒಳಗೆ ಬಿಡಲ್ಲ ಅಂತ ನರ್ಸಮ್ಮ ಹೇಳಿದ್ರು.”

“ಬರೆಯೋಕೆ ನಾನು ಬಿಡಲ್ಲ.”

ಮಾರನೆಯ ಬೆಳಿಗ್ಗೆ ಮಾಲೀಕರ ಕರೆ ಬಂತು. ಅವರ ಕೋಣೆಯಲ್ಲಿ ಗಾಜಿನ ಮೇಜು, ಅದರ ಆಚೆ ಅವರು, ಪಕ್ಕದಲ್ಲಿ ಕಾಗದ ಪೆನ್ನು ಹಿಡಿದ ಗುಮಾಸ್ತ. ವಿಚಾರಣೆಗೆ ಸರ್ಕಾರದ ಅಧಿಕಾರಿ ನಾಳೆ ಬರುವವರಿದ್ದರು. ಕೂರಮ್ಮ ಎಂದರು, ಕೂತಳು. ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಮೇಜಿಗೆ ತಾಗದಂತೆ ಮಡಿಲಲ್ಲಿ ಇಟ್ಟುಕೊಂಡಳು.

“ಹುಡುಗಿ ಟೋಪಿ ಹಾಕದೆ ಬಂದಿದ್ದಳು. ಇಷ್ಟು ನೀನು ಹೇಳಿದರೆ ಸಾಕು” ಎಂದರು ಮಾಲೀಕರು.

“ಟೋಪಿ ಹಾಕಿದ್ದಳು. ನಾನೇ ಕಟ್ಟಿದ್ದೆ.”

“ನೋಡಮ್ಮ, ಮೇಸ್ತ್ರಿಯ ತೋಳು ಎರಡು ಕಡೆ ಮುರಿದಿದೆ. ಮೂರು ಹಲ್ಲಿಲ್ಲ. ಪೊಲೀಸರಿಗೆ ದೂರು ಕೊಡ್ತೀನಿ ಅಂತ ಕೂತಿದ್ದಾನೆ. ನಾನು ತಡೆದಿದ್ದೀನಿ.”

“ಹೊಡೆದದ್ದು ನಿಜ. ದೂರು ಕೊಡಲಿ.”

“ಹಿಡಿಕೆಯ ವಿಷಯ ಎತ್ತಬೇಡ ಅಷ್ಟೇ.”

“ಹಿಡಿಕೆ ಮೇಲೆ ಕಟ್ಟಿತ್ತು ಸ್ವಾಮಿ. ಎರಡು ಸಲ ಜಿಗಿದೆ, ಎಟುಕಲಿಲ್ಲ. ಅದನ್ನ ಎತ್ತದೆ ಇನ್ನೇನು ಹೇಳಲಿ?” ಅವಳ ದನಿ ಏರಲಿಲ್ಲ. “ಹದಿನೆಂಟು ಹೆಂಗಸರು ನೋಡಿದ್ದಾರೆ. ಒಬ್ಬೊಬ್ಬರನ್ನೂ ಕರೆದು ಕೂರಿಸಿ ಕೇಳಿ.”

ಮಾಲೀಕರು ಅಂಗೈಯಿಂದ ಮುಖ ಉಜ್ಜಿಕೊಂಡರು. ಕೆಟ್ಟ ಮನುಷ್ಯರೇನಲ್ಲ, ಅವರಿಗೂ ನಿದ್ದೆಯಿರಲಿಲ್ಲ. ಕೊನೆಗೆ ಗುಮಾಸ್ತನಿಗೆ ಬರೆದುಕೋ ಎಂದು ಸನ್ನೆ ಮಾಡಿದರು. ಗುಮಾಸ್ತ ಹಿಡಿಕೆಯ ಎರಡು ಸಾಲು ಬರೆದು ತಲೆ ಎತ್ತಿದ.

“ಇನ್ನೊಂದಿದೆ” ಎಂದಳು ತುದಿಯಕ್ಕ. “ಅವಳ ಕೂದಲು ಮೊಣಕೈ ಮಟ್ಟ ಇರಲಿಲ್ಲ. ನಾನು ನಾಲ್ಕು ಬೆರಳಷ್ಟೇ ಕತ್ತರಿಸಿದೆ. ಉಳಿದದ್ದನ್ನ ಮಡಚಿ ದಾರ ಕಟ್ಟಿ ಮೇಸ್ತ್ರಿ ಕಣ್ಣಿಗೆ ಮಣ್ಣೆರಚಿದೆ. ಆ ದಾರ ಕಡಿದು ಹೋಯ್ತು.”

ಗುಮಾಸ್ತನ ಪೆನ್ನು ನಿಂತಿತು. ಮಾಲೀಕರು ಮುಂದಕ್ಕೆ ಬಾಗಿದರು. ಈ ಸಲ ಅವರ ದನಿ ನಿಜವಾಗಿಯೂ ಮೃದುವಾಗಿತ್ತು.

“ಇದು ನನಗೆ ಗೊತ್ತೇ ಇರಲಿಲ್ಲ. ಯಾರಿಗೂ ಗೊತ್ತಿಲ್ಲ ಅಲ್ವಾ? ಹಿಡಿಕೆಯದ್ದು ಬರೆದಾಯ್ತು, ಹುಡುಗಿಯ ಮೇಲೆ ತಪ್ಪು ಬರಲ್ಲ. ಇದನ್ನ ನೀನ್ಯಾಕಮ್ಮ ಸುಮ್ಮನೆ ತಲೆಮೇಲೆ ಎಳ್ಕೋತೀಯ? ಕೆಲಸ ಹೋಗುತ್ತೆ. ಇದೊಂದು ನಾನು ಕೇಳಿಸ್ಕೊಂಡೇ ಇಲ್ಲ ಅಂತ ಇಟ್ಕೋತೀನಿ. ನಿನಗೋಸ್ಕರ. ಎದ್ದು ಹೋಗು.”

ತುದಿಯಕ್ಕ ಏಳಲಿಲ್ಲ. ಕುರ್ಚಿಯನ್ನು ಗುಮಾಸ್ತನ ಕಡೆಗೆ ಸ್ವಲ್ಪ ಎಳೆದುಕೊಂಡಳು.

“ಬೇಡ ಸ್ವಾಮಿ” ಎಂದಳು. “ಹೊಸ ಹಾಳೆ ತಗೊಳ್ಳಪ್ಪ. ನಂದು ಮೊದಲು ಬರಿ, ಹಿಡಿಕೆಯದ್ದು ಆಮೇಲೆ.”