ನ್ಯೂ ಲಿನ್‌ನ ಮಹಡಿ ಮೇಲಿನ ಕುಂಗ್‌ಫು ಶಾಲೆ

ಕೋವಿಡ್ ಲಾಕ್‌ಡೌನ್‌ಗಳು ಮುಗಿದ ಮರುವರ್ಷ ನಾನು ಆಕ್ಲೆಂಡಿನ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಸೀನಿಯರ್ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಹೊಸ ಕಟ್ಟಡಗಳ ವಿನ್ಯಾಸವೆಲ್ಲ ಕಿರಿಯರಿಗೆ ಹೋಗಿ, ನನ್ನ ಮೇಜಿಗೆ ಹಳೆಯ ಕಟ್ಟಡಗಳ ತಪಾಸಣೆ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಕಾಂಕ್ರೀಟು ಕಲಿತು ಬಂದವನಿಗೆ ಮರದ ಕಟ್ಟಡಗಳನ್ನು ಕಲಿಸಿದ್ದು ಈ ದೇಶವೇ.

ಆ ಕೆಲಸ ಬಂದದ್ದು ಆಕ್ಲೆಂಡಿನ ಪಶ್ಚಿಮ ಭಾಗದ ನ್ಯೂ ಲಿನ್‌ನಿಂದ, ರೈಲು ನಿಲ್ದಾಣಕ್ಕೆ ಹತ್ತಿರದ ಎರಡಂತಸ್ತಿನ ಕಟ್ಟಡವೊಂದರ ಮಾಲೀಕರಿಂದ. ಕೆಳಗೆ ಪರದೆ ಬಟ್ಟೆಯ ಅಂಗಡಿ, ಮೇಲೆ ಕುಂಗ್‌ಫು ಶಾಲೆ. ಮೇಲಿನವರು ಕಾಲು ಅಪ್ಪಳಿಸಿದಾಗಲೆಲ್ಲ ಅಂಗಡಿಯ ಸೀಲಿಂಗ್‌ನಿಂದ ಪುಡಿ ಉದುರುತ್ತಿತ್ತು. ನೆಲ ಸುರಕ್ಷಿತವೇ ಎಂದು ನೋಡಿ ವರದಿ ಕೊಡಬೇಕಿತ್ತು.

ತರಗತಿ ನಡೆಯುವಾಗಲೇ ನೋಡೋಣವೆಂದು ಶನಿವಾರ ಬೆಳಿಗ್ಗೆ ಹೋದೆ. ಮೆಟ್ಟಿಲು ಹತ್ತುವಾಗ ಗದ್ದಲ ನಿರೀಕ್ಷಿಸಿದ್ದೆ. ಒಳಗೆ ಸದ್ದೇ ಇಲ್ಲ. ಐದು ಜನ ಕಾಲು ಅಗಲಿಸಿ, ಮಂಡಿ ಬಾಗಿಸಿ, ಕುದುರೆ ಮೇಲೆ ಕೂತವರ ಹಾಗೆ ನಿಂತಿದ್ದರು. ತೊಡೆಗಳು ನಡುಗುತ್ತಿದ್ದವು. ಎದುರಿಗೆ ಗುರು ಲಾವ್. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ, ಹಾಂಗ್‌ಕಾಂಗ್‌ನಿಂದ ಬಂದು ಮೂವತ್ತು ವರ್ಷವಾಗಿತ್ತು. ಶಿಷ್ಯರು ಅವರನ್ನು ಸೀಫು ಎನ್ನುತ್ತಿದ್ದರು. ಗೋಡೆಯ ಮೇಲೆ ಅವರ ಗುರುವಿನ ಮತ್ತು ಗುರುವಿನ ಗುರುವಿನ ಫೋಟೋಗಳು, ಮುಂದೆ ಊದುಬತ್ತಿ.

ನನ್ನ ಜಾಕೆಟ್ಟಿನ ಬ್ಯಾಡ್ಜ್ ನೋಡಿ ಒಬ್ಬ ಹೆಂಗಸು ನಿಂತಲ್ಲಿಂದಲೇ ಕೇಳಿದಳು. "ಇಮ್ತಿಯಾಜ್ ಸವಣೂರ? ಅಂಕಲ್, ನೀವು ಕನ್ನಡದವರಾ?"

ಗ್ರೇಸಿ, ಮಂಗಳೂರಿನಲ್ಲಿ ನರ್ಸಿಂಗ್ ಓದಿದವಳು. ವಾರ್ಡಿನಲ್ಲಿ ರೋಗಿಯೊಬ್ಬ ಕೈ ತಿರುಚಿದ ಮೇಲೆ ಆತ್ಮರಕ್ಷಣೆಗೆಂದು ಇಲ್ಲಿಗೆ ಸೇರಿದ್ದಳಂತೆ. ಅದಾಗಿ ಒಂಬತ್ತು ವರ್ಷ.

"ಮೊದಲ ಎರಡು ವರ್ಷ ಬರೀ ನಿಲ್ಲಿಸಿದ್ರು ಮಾರಾಯ್ರೆ. ಒಂದು ಗುದ್ದು ಸಹ ಹೇಳಿಕೊಡ್ಲಿಲ್ಲ. ನನ್ನ ಒಟ್ಟಿಗೆ ಸೇರಿದ ಹದಿನಾಲ್ಕು ಜನವೂ ಬಿಟ್ಟು ಹೋದ್ರು. ಮನುಕಾವ್‌ನಲ್ಲಿ ಒಂದು ಕ್ಲಬ್ ಉಂಟು, ಮೂರು ತಿಂಗಳಿಗೊಂದು ಬೆಲ್ಟ್ ಕೊಡ್ತಾರೆ. ಎಲ್ಲರೂ ಅಲ್ಲಿಗೆ."

ನೆಲದ ಮೇಲೆ ಕಂಪನ ಅಳೆಯುವ ಯಂತ್ರ ಇಟ್ಟು, ಒಮ್ಮೆ ಕಾಲು ಅಪ್ಪಳಿಸಿ ಎಂದು ಸೀಫು ಅವರನ್ನು ಕೇಳಿಕೊಂಡೆ. ಅವರು ಕಾಲನ್ನು ಒಂದು ಗೇಣು ಎತ್ತಿ ಇಳಿಸಿದರು, ಅಷ್ಟೇ. ಇಡೀ ಹಲಗೆ ನನ್ನ ಪಾದದ ಕೆಳಗೆ ತೊನೆಯಿತು. ಅರವತ್ತು ಕಿಲೋ ಇಲ್ಲದ ಮನುಷ್ಯ.

ಅಂಗಡಿಯ ಸೀಲಿಂಗ್ ಬಿಚ್ಚಿಸಿದಾಗ ಕಾರಣ ಕಂಡಿತು. ನೆಲದ ಹಲಗೆಗಳನ್ನು ಹೊರುವ ಅಡ್ಡತೊಲೆಗಳಿಗೆ ಜಾಯಿಸ್ಟ್ ಎನ್ನುತ್ತೇವೆ. ಅವು ಇನ್ನೂರು ಮಿಲಿಮೀಟರ್ ಎತ್ತರದ ಒಳ್ಳೆಯ ಹಳೆಯ ಮರದವು. ಆದರೆ ನಾಲ್ಕರಲ್ಲಿ ಹುಳು ಹೊಕ್ಕು ಜೇನುಗೂಡಿನಂತೆ ಮಾಡಿತ್ತು. ಇನ್ನೆರಡನ್ನು ಯಾವನೋ ಪ್ಲಂಬರ್ ಪೈಪು ಹಾಯಿಸಲು ಅರ್ಧಕ್ಕಿಂತ ಹೆಚ್ಚು ಕೊಯ್ದಿದ್ದ. ಜನ ಕುಣಿಯುವ ನೆಲ ಚದರ ಮೀಟರಿಗೆ ಸುಮಾರು ಐನೂರು ಕಿಲೋ ತಾಳಬೇಕು. ನನ್ನ ಲೆಕ್ಕದಲ್ಲಿ ಇದು ಅದರ ಮೂರನೇ ಒಂದು ಪಾಲೂ ತಾಳುತ್ತಿರಲಿಲ್ಲ.

ಸೀಫು ಕೇಳಿದರು. "ಎಷ್ಟು ಜನ ಇರಬಹುದು?"

"ರಿಪೇರಿ ಆಗುವ ತನಕ ಹತ್ತು ಜನ. ನಿಲ್ಲಬಹುದು, ನಡೆಯಬಹುದು. ಹಾರುವುದು, ಅಪ್ಪಳಿಸುವುದು ಬೇಡ."

ಅವರು ನಕ್ಕರು. "ಹತ್ತು ಜನರನ್ನು ಎಲ್ಲಿಂದ ತರಲಿ? ನಿಲ್ಲುವುದಾದರೆ, ನಿಲ್ಲುವುದೇ ನಮ್ಮ ಪಾಠ. ಅಷ್ಟು ಸಾಕು."

ವರದಿ ಹನ್ನೊಂದು ಪುಟವಾಯಿತು. ಒಂಬತ್ತನೆಯ ಪುಟದಲ್ಲಿ ತಾತ್ಕಾಲಿಕ ಬಳಕೆಯ ಷರತ್ತು ಬರೆದೆ. ಹತ್ತನೆಯದರಲ್ಲಿ ರಿಪೇರಿಯ ವಿಧಾನ: ಕೆಟ್ಟ ಆರು ತೊಲೆಗಳ ಪಕ್ಕಕ್ಕೆ ಹೊಸ ತೊಲೆ ಜೋಡಿಸಿ ಬೋಲ್ಟ್ ಹಾಕುವುದು, ಎರಡು ವಾರದ ಕೆಲಸ. ಮೊದಲ ಪುಟದಲ್ಲಿ ಸಾರಾಂಶ ಇರಬೇಕೆಂಬುದು ಕಂಪನಿಯ ನಿಯಮ. ಅಲ್ಲಿ ಒಂದೇ ವಾಕ್ಯ ಬರೆದೆ. "ಮಹಡಿಯ ನೆಲವು ಈಗಿನ ಬಳಕೆಗೆ ಯೋಗ್ಯವಾಗಿಲ್ಲ." ಮ್ಯಾನೇಜರ್ ಓದಿ, ಚುಟುಕಾಗಿ ಚೆನ್ನಾಗಿದೆ ಎಂದರು. ನನಗೂ ಹಾಗೇ ಅನ್ನಿಸಿತ್ತು.

ಮೂರು ವಾರಕ್ಕೆ ಗ್ರೇಸಿಯ ಫೋನು.

"ಅಂಕಲ್, ಖಾಲಿ ಮಾಡ್ಲಿಕ್ಕೆ ನೋಟಿಸ್ ಬಂದಿದೆ. ಅದಕ್ಕೆ ನಿಮ್ಮ ರಿಪೋರ್ಟಿನ ಮೊದಲ ಪುಟ ಪಿನ್ ಮಾಡಿದ್ದಾರೆ. ಅದೊಂದೇ ಪುಟ."

"ಒಂಬತ್ತನೆ ಪುಟದಾಗ ನಡಸಬಹುದು ಅಂತ ಬರದೇನಲ್ಲವಾ!"

"ಅದನ್ನು ಯಾರು ಓದ್ತಾರೆ?"

ಮಾಲೀಕರಿಗೆ ಫೋನು ಮಾಡಿ, ಪಾಠ ನಿಲ್ಲಿಸಬೇಕಿಲ್ಲ, ರಿಪೇರಿ ಸಾಕು ಎಂದೆ. ಅವರು ಸೌಜನ್ಯದಿಂದಲೇ ಮಾತಾಡಿದರು. "ನೀವು ಬರೆದದ್ದು ಸರಿ ತಾನೇ?" ಎಂದು ಕೇಳಿದರು. ಸರಿ ಎಂದೆ. "ಹಾಗಾದರೆ ಮುಗಿಯಿತಲ್ಲ" ಎಂದರು. ಅವರಿಗೂ ಸೀಫು ಅವರಿಗೂ ಕೂಡಿಸಿ ಅದನ್ನೇ ಒಂದು ಪತ್ರದಲ್ಲಿ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಕೆಲಸ ಮುಗಿದಿದೆ, ಆ ಫೈಲು ಇನ್ನು ತೆರೆಯಬೇಡಿ ಎಂದು ಮ್ಯಾನೇಜರ್ ಎಚ್ಚರಿಸಿದರು. ತೆರೆಯಲಿಲ್ಲ. ಹಟ ಹಿಡಿಯಬಹುದಿತ್ತು.

ಶಾಲೆ ಒಂದು ಕಮ್ಯೂನಿಟಿ ಹಾಲಿಗೆ ಹೋಯಿತು. ಅಲ್ಲಿ ವಾರಕ್ಕೊಂದು ತಾಸು. ಊದುಬತ್ತಿ ಹಚ್ಚುವಂತಿರಲಿಲ್ಲ, ಮರದ ಅಭ್ಯಾಸದ ಕಂಬ ನೆಡುವಂತಿರಲಿಲ್ಲ. ಗುರುಗಳ ಫೋಟೋಗಳನ್ನು ಸೀಫು ಪ್ರತಿ ಸಲ ಚೀಲದಲ್ಲಿ ತಂದು ಕುರ್ಚಿಯ ಮೇಲೆ ಇಡುತ್ತಿದ್ದರಂತೆ. ಐವರು ಮೂವರಾದರು. ಚಳಿಗಾಲ ಬಂದಾಗ ಪಾಠ ಅವರ ಮಗಳ ಮನೆಯ ಗ್ಯಾರೇಜಿಗೆ ಬಂತು. ಗ್ರೇಸಿಗೆ ದೂರದ ಟೌರಂಗಾ ಊರಿನ ಆಸ್ಪತ್ರೆಯಲ್ಲಿ ಬಡ್ತಿ ಸಿಕ್ಕಿತು. ಗಂಡನಿಗೂ ಅಲ್ಲೇ ಕೆಲಸವಾಗಿ ಅವಳು ಹೊರಟಳು. ಉಳಿದ ಇಬ್ಬರೂ ಬರುವುದನ್ನು ನಿಲ್ಲಿಸಿದರು.

ಅಷ್ಟರೊಳಗೆ ನ್ಯೂ ಲಿನ್‌ನ ಆ ಮಹಡಿ ರಿಪೇರಿಯಾಗಿತ್ತು. ನಾನು ಕೊಟ್ಟ ನಕ್ಷೆಯಂತೆಯೇ, ಹತ್ತೇ ದಿನದಲ್ಲಿ. ಈಗ ಅಲ್ಲಿ ಬ್ಯೂಟಿ ಪಾರ್ಲರ್ ಇದೆ.

ನಿವೃತ್ತಿಗೆ ಮುಂಚೆ ಒಮ್ಮೆ ಸೀಫು ಅವರನ್ನು ನೋಡಲು ಹೋದೆ. ಗ್ಯಾರೇಜಿನಲ್ಲಿ ಮಗಳ ಕಾರು ನಿಂತಿತ್ತು. ಅವರು ಚಹಾ ಕೊಟ್ಟರು. ನನ್ನ ವಾಕ್ಯದಿಂದಲೇ ಹೀಗಾಯಿತು, ಕ್ಷಮಿಸಿ ಎಂದೆ.

"ನೆಲ ಕೆಟ್ಟಿತ್ತು. ನೀವು ಸುಳ್ಳು ಬರೆಯಲಿಲ್ಲ" ಎಂದರು. ಲೋಟ ಕೆಳಗಿಟ್ಟು ಹೇಳಿದರು. "ನಮ್ಮಲ್ಲಿ ಕೈಕಾಲಿನ ಚಲನೆಗಳ ಮೂರು ಸರಣಿ ಇವೆ. ಗ್ರೇಸಿಗೆ ಎರಡು ಬರುತ್ತವೆ. ಮೂರನೆಯದಕ್ಕೆ ಇನ್ನು ನಾಲ್ಕು ವರ್ಷ ಬೇಕಿತ್ತು."

"ವಿಡಿಯೋ ಮಾಡಿಡಬಹುದಲ್ಲ?"

"ನೋಡಿದವರು ಅಭಿನಯ ಮಾಡುತ್ತಾರೆ. ತಪ್ಪಿದಾಗ ಮೊಣಕೈ ಹಿಡಿದು ತಿದ್ದುವವರು ಯಾರು?"

ಆ ದಿನವೇ ಕಾರಿನಲ್ಲಿ ಕೂತು ಗ್ರೇಸಿಗೆ ಫೋನು ಮಾಡಿ, ಮೂರನೆಯ ಸರಣಿಯ ಬಗ್ಗೆ ಸೀಫು ಹೇಳಿದ್ದನ್ನು ತಿಳಿಸಿದೆ. ಅವಳು ಅಳಲಿಲ್ಲ. "ನನಗೆ ಗೊತ್ತುಂಟು ಅಂಕಲ್. ಡ್ಯೂಟಿ ಮುಗಿಸಿ ಬಂದು ಎರಡನ್ನೂ ಮಾಡ್ತೇನೆ. ಕಾಲು ಎಲ್ಲೋ ತಪ್ತಾ ಉಂಟು ಅಂತ ಅನಿಸ್ತದೆ. ಎಲ್ಲಿ ಅಂತ ಹೇಳುವವರಿಲ್ಲ."

ಶಿಷ್ಯರೇ ಇಲ್ಲದ ಶಾಲೆ ನನ್ನ ವರದಿ ಇಲ್ಲದಿದ್ದರೂ ಮುಚ್ಚುತ್ತಿತ್ತು ಎಂದು ನನ್ನ ಹೆಂಡತಿ ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ಆ ನೆಲದ ಮೇಲೆ ಒಬ್ಬಳು ನಾಲ್ಕು ವರ್ಷ ನಿಲ್ಲಲು ಸಿದ್ಧಳಿದ್ದಳು, ನೆಲವೂ ಅವಳನ್ನು ತಾಳುತ್ತಿತ್ತು. ಆ ಸಂಗತಿ ಒಂಬತ್ತನೆಯ ಪುಟದಲ್ಲಿ ಇತ್ತು. ಉಳಿದ ಸೇವಾವಧಿಯಲ್ಲಿ, ಯಾವುದು ಸಾಧ್ಯವಿಲ್ಲ ಎಂದು ಬರೆದ ವಾಕ್ಯದ ಬೆನ್ನಿಗೇ ಯಾವುದು ಇನ್ನೂ ಸಾಧ್ಯ ಎಂದು ಬರೆಯದೆ ನಾನು ಯಾವ ಸಾರಾಂಶಕ್ಕೂ ಸಹಿ ಹಾಕಲಿಲ್ಲ. ಮೂವತ್ತೇಳು ವರ್ಷದ ಕೆಲಸದಲ್ಲಿ ಇದನ್ನು ಕಲಿತದ್ದು ಕೊನೆಯ ಎರಡು ವರ್ಷದಲ್ಲಿ. ಅದಕ್ಕೆ ಹಿಂದೆ ಸಹಿ ಮಾಡಿದ ಎಷ್ಟು ಮೊದಲ ಪುಟಗಳನ್ನು ಯಾರು ಯಾರ ಬಾಗಿಲಿಗೆ ಅಂಟಿಸಿದರೋ, ನನಗೆ ಗೊತ್ತಿಲ್ಲ.