ಷಡ್ಡಕನ ಕಾರಿಗೆ ಅರ್ಥಿಂಗ್

ನಮ್ಮ ಅತ್ತೆಯ ಮನೆ ಚಿಮ್ಮನಚೋಡದಲ್ಲಿದೆ. ಆ ಮನೆಯಿಂದ ಯಾವ ಹೆಣ್ಣುಮಗಳು ಮದುವೆಗೆ ಹೊರಟರೂ ಅವಳನ್ನು ಕೂರಿಸಿಕೊಂಡು ಹೋಗುತ್ತಿದ್ದುದು ನನ್ನ ಗಾಡಿ. ಹಿರಿಯ ಅಳಿಯನ ಗಾಡಿ ಮುಂದೆ, ಉಳಿದವರದು ಹಿಂದೆ. ಇದು ಹಿರಿಯರು ಹಾಕಿಕೊಟ್ಟ ಪದ್ಧತಿಯೇನಲ್ಲ. ಎಷ್ಟೋ ವರ್ಷ ಆ ಮನೆತನದಲ್ಲಿ ಗಾಡಿ ಎಂದರೆ ನನ್ನದೊಂದೇ ಇತ್ತು, ಹಾಗಾಗಿ ಬಿದ್ದ ರೂಢಿ. ಬಾನೆಟ್ಟಿಗೆ ಚೆಂಡುಹೂವಿನ ಸರ, ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು, ಸ್ಟೇರಿಂಗ್ ಹಿಡಿದು ನಾನು. ಆ ಹೊತ್ತಿನಲ್ಲಿ ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು ಎಂಬುದು ಯಾರಿಗೂ ನೆನಪಿರುತ್ತಿರಲಿಲ್ಲ. ನನಗೂ ಇರುತ್ತಿರಲಿಲ್ಲ.

ನಾನು ವಾಡಿಯಲ್ಲಿ ಮೋಟರ್ ಸುತ್ತುವವನು. ಸುಟ್ಟ ಮೋಟರು ತಂದು ಕೊಟ್ಟರೆ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಓಡಿಸಿ ತೋರಿಸಿ ಕೊಡುತ್ತೇನೆ. ಕೆಲಸ ಕಲಿತದ್ದು ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷೀನುಗಳ ಮೋಟರ್ ನೋಡಿಕೊಳ್ಳುತ್ತಿದ್ದ ಒಬ್ಬ ಉಸ್ತಾದರ ಕೈಕೆಳಗೆ. ಅಲ್ಲಿ ನೆಲವೆಲ್ಲ ಕಲ್ಲು, ಕಲ್ಲಿನ ಮೇಲೆ ಸದಾ ನೀರು, ನೀರಿನ ನಡುವೆ ಕರೆಂಟು. ಹಾಗಾಗಿ ಉಸ್ತಾದರು ಸುತ್ತುವುದಕ್ಕಿಂತ ಮೊದಲು ಕಲಿಸಿದ್ದು ಅರ್ಥಿಂಗ್. ದಾರಿತಪ್ಪಿದ ಕರೆಂಟು ಮನುಷ್ಯನ ಮೈಯೊಳಗಿಂದ ಹಾಯದೆ ನೆಲಕ್ಕೆ ಇಳಿದು ಹೋಗುವಂತೆ ಮಾಡುವ ಕೆಲಸ ಅದು. ಅವರ ಹತ್ತಿರ ಎಂಟು ವರ್ಷ ಇದ್ದೆ. ಆಮೇಲೆ ಸ್ವಂತ ಅಂಗಡಿ, ಸ್ವಂತ ಮನೆ, ಸ್ವಂತ ಡೀಸೆಲ್ ಗಾಡಿ. ಯಾರ ಮುಂದೆಯೂ ಕೈ ಚಾಚಿದವನಲ್ಲ.

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಸೇಡಂನಲ್ಲಿದ್ದಾನೆ. ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಗೆ ಲಾರಿ ಓಡಿಸುವ ಗುತ್ತಿಗೆ ಅವನದು. ಓದಿದವನು, ಮೆತ್ತಗೆ ಮಾತಾಡುವವನು, ನನ್ನನ್ನು ಅಣ್ಣಾ ಎಂದೇ ಕರೆಯುವವನು. ಅವನ ಮೇಲೆ ಸಿಟ್ಟು ಬರಲು ಏನೂ ಕಾರಣವಿರಲಿಲ್ಲ. ಆ ವರ್ಷ ಅವನು ಕರೆಂಟಿನ ಕಾರು ತಂದ.

ಸಣ್ಣದಲ್ಲ. ಉದ್ದನೆಯ ದೊಡ್ಡ ಕಾರು. ನೀರಿನಲ್ಲಿ ತೊಳೆದ ಬದನೆಕಾಯಿಯ ಬಣ್ಣ. ಬಾಗಿಲಿಗೆ ಹಿಡಿಕೆ ಕಾಣುವುದಿಲ್ಲ, ಹತ್ತಿರ ಹೋದರೆ ತಾನೇ ಹೊರಗೆ ಬರುತ್ತದೆ. ಒಮ್ಮೆ ತುಂಬಿದರೆ ಐದುನೂರು ಕಿಲೋಮೀಟರ್ ಮೇಲೆ ಹೋಗುತ್ತದೆ ಎಂದು ಅವನು ಹೇಳಿದ. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಅವನು ಹೇಳುವ ಮೊದಲೇ ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಮೊಬೈಲಿನಲ್ಲಿ ಆ ಕಾರಿನ ವಿಡಿಯೋ ಎಲ್ಲ ನೋಡಿ ಮುಗಿಸಿದ್ದೆ. ನೂರರ ವೇಗಕ್ಕೆ ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ, ದೊಡ್ಡ ಚಾರ್ಜರಿಗೆ ಹಚ್ಚಿದರೆ ಎಷ್ಟು ಹೊತ್ತು, ಮನೆಯ ಪ್ಲಗ್ಗಿಗೆ ಹಚ್ಚಿದರೆ ಎಷ್ಟು ಹೊತ್ತು, ಎಲ್ಲ ಬಾಯಿಪಾಠ.

ನನ್ನನ್ನು ಸುಟ್ಟದ್ದು ಅದರ ಬೆಲೆಯಲ್ಲ. ಆ ಕಾರು ಓಡುವುದು ಮೋಟರಿನ ಮೇಲೆ. ಮೂವತ್ತು ವರ್ಷ ಮೋಟರಿನ ಹೊಟ್ಟೆಯಲ್ಲಿ ಕೈಹಾಕಿ ಬದುಕಿದವನು ನಾನು, ಮತ್ತು ನಾನು ಓಡಿಸುವುದು ಹೊಗೆಯುಗುಳುವ ಡೀಸೆಲ್ ಗಾಡಿ. ಮೋಟರಿನೊಳಗೆ ತಿರುಗುವುದು ಯಾವುದು, ನಿಂತಿರುವುದು ಯಾವುದು ಎಂದು ತಿಳಿಯದ ಮನುಷ್ಯ ಮೋಟರಿನ ಮೇಲೆ ಕೂತು ಹೋಗುತ್ತಾನೆ. ಇದು ನನಗೆ ಮಾಡಿದ ಅವಮಾನ ಎಂದೇ ಅನ್ನಿಸಿತ್ತು.

ಆ ಬೇಸಿಗೆ ಹೆಂಡತಿಯ ತಮ್ಮನ ಮಗಳ ಮದುವೆ. ವರನ ಊರು ಚಿತ್ತಾಪುರ, ಮದುವೆಯೂ ಅಲ್ಲೇ. ಹಿಂದಿನ ದಿನ ಬೆಳಿಗ್ಗೆ ನಾವೆಲ್ಲ ಚಿಮ್ಮನಚೋಡದಲ್ಲಿ ಸೇರಿದ್ದೆವು. ನಾನು ಗಾಡಿ ತೊಳೆದು ಹಂದರದ ಪಕ್ಕ ನಿಲ್ಲಿಸಿದ್ದೆ. ಅತ್ತೆ ತಾವೇ ಚಹಾ ತಂದು ಕೊಟ್ಟರು. ಆಗಲೇ ನನಗೆ ಸಂಶಯ ಬಂತು. ಯಾಕೆಂದರೆ ಅವರಿಗೆ ಮೊಣಕಾಲು ನೋವು, ಎದ್ದು ಓಡಾಡುವವರಲ್ಲ.

"ಅಳಿಯಾರ, ಈ ಸಲ ಹುಡುಗಿ ಸಣ್ಣಳಿಯಾರ ಗಾಡ್ಯಾಗ ಕುಂದ್ರತೀನಿ ಅನ್ಲಿಕತ್ತಾಳ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ."

"ಬ್ಯಾಸರ ಯಾಕರಿ ಅತ್ತಿ," ಎಂದೆ. ಆ ಚಹಾದಲ್ಲಿ ಸಕ್ಕರೆ ಇತ್ತೋ ಉಪ್ಪಿತ್ತೋ ಇವತ್ತಿಗೂ ಹೇಳಲಾರೆ.

ಷಡ್ಡಕ ಬಂದದ್ದು ಹೈದರಾಬಾದಿನ ಕೆಲಸ ಮುಗಿಸಿಕೊಂಡು, ಅಲ್ಲಿಂದ ನೇರವಾಗಿ. ಬಂದ ಕೂಡಲೇ ಬೀಗರು, ನೆಂಟರು, ಅಕ್ಕಪಕ್ಕದವರು ಕಾರನ್ನು ಮುತ್ತಿದರು. ನಮ್ಮ ಕಡೆ ಹೊಸ ಗಾಡಿ ಬಂದರೆ ನೆಂಟರನ್ನು ಒಂದು ಸುತ್ತು ಹಾಕಿಸಬೇಕು. ಮದುವೆ ಮನೆಯಲ್ಲಿ ಒಬ್ಬರನ್ನು ಕೂರಿಸಿ ಇನ್ನೊಬ್ಬರನ್ನು ಬಿಟ್ಟರೆ ಆ ಮುನಿಸು ಮುಂದಿನ ಮದುವೆಯವರೆಗೂ ಇರುತ್ತದೆ. ಅವನು ನಾಲ್ಕು ನಾಲ್ಕು ಮಂದಿಯನ್ನು ತುಂಬಿಕೊಂಡು ಚಂದ್ರಂಪಳ್ಳಿ ಡ್ಯಾಮಿನ ದಾರಿಯಲ್ಲಿ ಹೋಗಿ ಬರತೊಡಗಿದ. ಹೋದವರೆಲ್ಲ ಪೂರ್ತಿ ತುಳಿದು ತೋರಿಸು ಎನ್ನುವವರೇ. ಬಿಸಿಲಿಗೆ ಏಸಿಯೂ ಪೂರ್ತಿ. ಹಿಂದಿರುಗಿದ ನನ್ನ ಹೆಂಡತಿಯ ತಮ್ಮ, ಮದುಮಗಳ ತಂದೆ, ಮೈ ಮುಟ್ಟಿ ನೋಡಿಕೊಳ್ಳುತ್ತ ಇಳಿದ.

"ಮಾಮಾ, ತುಳದ್ರ ಹೊಟ್ಟಿ ಹೋಗಿ ಬೆನ್ನಿಗಿ ಹತ್ತತದ ನೋಡ್ರಿ. ಸಪ್ಪಳ ಅಂಬೋದಿಲ್ಲ. ನೀವೂ ಒಂದ್ ಸುತ್ತ ಬರ್ರಿ."

ನಾನು ಹೋಗಲಿಲ್ಲ. ಅದು ನಾಲ್ಕು ಗಾಲಿಯ ಮೊಬೈಲ್, ಗಾಡಿಯಲ್ಲ ಎಂದೆ. ಹಾಲಿನವನ ಸೈಕಲ್ಲಾದರೂ ಅದಕ್ಕಿಂತ ಹೆಚ್ಚು ಸಪ್ಪಳ ಮಾಡುತ್ತದೆ ಎಂದೆ. ಒಂದಿಬ್ಬರು ನಕ್ಕರು. ಬೆಳಗಿನಿಂದ ಇಂಥ ಮಾತು ಎಷ್ಟು ಆಡಿದೆನೋ. ಆಡಿದಷ್ಟೂ ಬಾಯಿ ಕಹಿಯಾಯಿತೇ ಹೊರತು ಹೊಟ್ಟೆ ತಣ್ಣಗಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಷಡ್ಡಕನ ಮುಖ ಬದಲಾಯಿತು. ಸುತ್ತು ಹಾಕಿಸಿ ಹಾಕಿಸಿ ಕಾರಿನಲ್ಲಿ ನಲವತ್ತು ಕಿಲೋಮೀಟರಿನಷ್ಟೇ ಉಳಿದಿತ್ತು. ಚಿತ್ತಾಪುರ ಅದರ ಎರಡು ಪಟ್ಟು ದೂರ. ದೊಡ್ಡ ಚಾರ್ಜರು ನಮ್ಮ ಸುತ್ತಮುತ್ತ ಎಲ್ಲೂ ನಾನು ಕಂಡಿರಲಿಲ್ಲ. ಆದರೆ ಮನೆಯ ಪ್ಲಗ್ಗಿಗೆ ಹಚ್ಚಿದರೂ ಬೆಳಗಿನ ತನಕ ಬೇಕಾದಷ್ಟು ತುಂಬುತ್ತದೆ ಎಂದು ಅವನು ಧೈರ್ಯವಾಗಿದ್ದ. ಡಿಕ್ಕಿಯಿಂದ ಚಾರ್ಜರಿನ ಚೀಲ ತೆಗೆದು ಫ್ರಿಜ್ಜಿನ ಪ್ಲಗ್ಗಿಗೆ ಹಚ್ಚಿದ. ಕೆಂಪು ದೀಪ. ಹಿತ್ತಿಲ ಪಂಪಿನ ಪ್ಲಗ್ಗಿಗೆ ಹಚ್ಚಿದ. ಕೆಂಪು ದೀಪ. ಹಿಟ್ಟಿನ ಗಿರಣಿಗೂ ಹೋಗಿ ಬಂದ.

ನನಗೆ ಹೊಸ್ತಿಲಲ್ಲಿ ನಿಂತಾಗಲೇ ಗೊತ್ತಾಗಿತ್ತು. ಆ ಮನೆಗೆ ಅರ್ಥಿಂಗ್ ಇಲ್ಲ. ಪ್ಲಗ್ಗಿನ ಮೂರನೆಯ ತೂತು ಬರೀ ತೋರಿಕೆಗೆ. ಅಲ್ಲಿ ಫ್ರಿಜ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಅದಕ್ಕೇ ಎಲ್ಲರೂ ಸೆರಗಿನಿಂದಲೋ ಟವೆಲ್ಲಿನಿಂದಲೋ ಅದರ ಬಾಗಿಲು ತೆಗೆಯುತ್ತಾರೆ. ಮನುಷ್ಯರು ಹೊಂದಿಕೊಂಡಿದ್ದಾರೆ, ಆದರೆ ಈ ಕಾರಿನ ಚಾರ್ಜರು ಹೊಂದಿಕೊಳ್ಳುವುದಿಲ್ಲ. ನೆಲ ಸಿಗದಿದ್ದರೆ ಅದು ಒಂದು ತೊಟ್ಟು ಕರೆಂಟನ್ನೂ ಒಳಗೆ ಬಿಡುವುದಿಲ್ಲ. ಅದನ್ನು ಹೇಳುವುದು ಬಿಟ್ಟು ಒಂದು ಬಕೆಟ್ ನೀರು ತಂದು ನನ್ನ ಗಾಡಿಯ ಗಾಜನ್ನು ಮತ್ತೊಮ್ಮೆ ತೊಳೆದೆ. ಹೂವಿನ ಸರ ಎಲ್ಲಿಟ್ಟಿದ್ದಾರೆ ಎಂದು ಹೆಂಡತಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡಿ ಒಳಗೆ ಹೋದಳು.

ಅಷ್ಟರಲ್ಲಿ ಊರಿನ ಲೈಟು ಕೆಲಸದವನೊಬ್ಬನನ್ನು ಕರೆಸಿದರು. ಅವನು ಫ್ರಿಜ್ಜಿನ ಪ್ಲಗ್ಗು ಬಿಚ್ಚಿದ, ಬೆರಳುದ್ದದ ತಂತಿಯಿಂದ ಕರೆಂಟು ಮರಳಿ ಹೋಗುವ ನ್ಯೂಟ್ರಲ್ಲಿಗೂ ಅರ್ಥಿನ ತೂತಿಗೂ ಗಂಟು ಹಾಕಿದ, ಮುಚ್ಚಿದ. ಹಸಿರು ದೀಪ ಹತ್ತಿತು. ಹೆಂಗಸರು ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

ಅವನು ಮಾಡಿದ್ದು ಚಾರ್ಜರಿನ ಕಣ್ಣಿಗೆ ಮಣ್ಣೆರಚುವ ಕೆಲಸ. ಆ ಗಂಟಿನಿಂದ ಕಾರಿನ ಮೈಗೂ ಊರಿನ ನ್ಯೂಟ್ರಲ್ ತಂತಿಗೂ ನೇರ ಸಂಬಂಧ ಬೆಳೆದಿತ್ತು. ಆ ಓಣಿಯಲ್ಲಿ ಗಾಳಿ ಬಿಟ್ಟರೆ ನ್ಯೂಟ್ರಲ್ ತಂತಿ ತುಂಡಾಗುತ್ತದೆ, ಹಿಂದಿನ ಮಳೆಗಾಲದಲ್ಲಿ ಹಾಗೇ ತುಂಡಾಗಿ ಮನೆಯ ಟೀವಿ ಸುಟ್ಟಿತ್ತು. ಈಗ ತುಂಡಾದರೆ ಕಾರಿನ ಮೈಯೆಲ್ಲ ಕರೆಂಟು.

ಹೇಳಬೇಕು. ಆದರೆ ಹೇಳಿದರೆ ಯಾರು ನಂಬುತ್ತಾರೆ? ಬೆಳಗಿನಿಂದ ಆ ಕಾರನ್ನು ಹಳಿದ ಬಾಯಿ ಇದೇ. "ಆ ಗಂಟು ತಗೀರಿ, ಜೀವಕ್ಕ ಧೋಕಾ ಅದ," ಎಂದೆ. ಷಡ್ಡಕ ತಿರುಗಿ ನೋಡಿದ. ಅವನು ದನಿ ಏರಿಸಲಿಲ್ಲ.

"ಅಣ್ಣಾ, ಮುಂಜಾನಿಂದ ನೋಡ್ಲಿಕತ್ತೀನಿ. ಹಸರ ದೀಪ ಹತ್ತಿದ್ದೂ ನಿಮಗ ಸೈರಣಿ ಆಗ್ವಲ್ದು."

ಎಲ್ಲರೂ ನಕ್ಕರು. ಅವನ ಮಾತು ಸುಳ್ಳಾಗಿದ್ದರೆ ನಾನು ಜಗಳವಾಡಿ ಹೊರಟುಹೋಗುತ್ತಿದ್ದೆ. ಅದರಲ್ಲಿ ಅರ್ಧ ನಿಜವಿತ್ತು. ಆಗಲೇ ಮದುಮಗಳು ಕೈತುಂಬ ಮೆಹೆಂದಿ ಹಚ್ಚಿಕೊಂಡು, ಕಾರಿನ ಪಕ್ಕ ಫೋಟೋ ತೆಗೆಸಿಕೊಳ್ಳಲು ಬರುತ್ತಿದ್ದಳು. ಬರಿಗಾಲು. ಅಂಗಳ ನನ್ನ ಗಾಡಿ ತೊಳೆದ ನೀರಿನಿಂದ ಒದ್ದೆಯಾಗಿತ್ತು.

"ಯವ್ವಾ, ನಿಂದ್ರು. ಅದನ್ನ ಮುಟ್ಟಬ್ಯಾಡ," ಎಂದು ಅಡ್ಡ ಹೋಗಿ ನಿಂತೆ.

ನನ್ನ ಗಾಡಿಯಲ್ಲಿ ಕೆಲಸದ ಚೀಲ ಸದಾ ಇರುತ್ತದೆ. ಅದರಿಂದ ಟೆಸ್ಟ್ ಲ್ಯಾಂಪ್ ತೆಗೆದೆ. ಅದು ಹೋಲ್ಡರಿನಲ್ಲಿ ಒಂದು ಹಳೆಯ ಬಲ್ಬು, ಎರಡು ತಂತಿ, ಅಷ್ಟೇ. ಒಂದು ತಂತಿಯನ್ನು ಕಾರಿನ ಗಾಲಿಯ ಬೋಲ್ಟಿಗೆ ಹಚ್ಚಿದೆ, ಇನ್ನೊಂದನ್ನು ಬೋರಿನ ಕಬ್ಬಿಣದ ಪೈಪಿಗೆ. ಬಲ್ಬಿನ ತಂತಿ ಬೀಡಿಯ ತುದಿಯಂತೆ ಕೆಂಪಗಾಯಿತು. ಮದುವೆಯ ಅಡಿಗೆಗೆ ಬಂದಿದ್ದ ಚಾಚಾನಿಗೆ ಗ್ರೈಂಡರ್ ಚಾಲೂ ಮಾಡಲು ಹೇಳಿದೆ. ಗ್ರೈಂಡರ್ ತಿರುಗಿದ ಕೂಡಲೇ ಬಲ್ಬು ಇನ್ನಷ್ಟು ಬೆಳಗಿತು. ಮನೆಯ ಕರೆಂಟಿನ ಭಾರವೆಲ್ಲ ಕಾರಿನ ಮೈಮೇಲೆ ಬಂದು ಕೂರುತ್ತಿತ್ತು. ನಾನು ವಿವರಿಸಬೇಕಾಗಲಿಲ್ಲ, ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಷಡ್ಡಕ ತಾನೇ ಹೋಗಿ ಸ್ವಿಚ್ ಆರಿಸಿ ಬಂದ.

"ಅಣ್ಣಾ, ಹಂಗಾದ್ರ ಹ್ಯಾಂಗ ಮಾಡಬೇಕ್ರಿ?"

ಇಲ್ಲಿ ನಾನು ಸುಮ್ಮನಿದ್ದರೆ ಸಾಕಿತ್ತು. ಯಾರ ಜೀವಕ್ಕೂ ಈಗ ಅಪಾಯವಿರಲಿಲ್ಲ. ಕಾರು ಅಲ್ಲೇ ನಿಲ್ಲುತ್ತಿತ್ತು, ಹುಡುಗಿ ನನ್ನ ಗಾಡಿಯಲ್ಲಿ ಬರುತ್ತಿದ್ದಳು, ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ. ನನ್ನ ಹೊಟ್ಟೆಕಿಚ್ಚು ಅದನ್ನೇ ಬೇಡುತ್ತಿತ್ತು. ಆದರೆ ಅಷ್ಟು ಮಂದಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಲೈಟು ಕೆಲಸದವನು ಮೆಲ್ಲಗೆ, ಇದು ಕಂಪನಿಯ ಇಂಜಿನಿಯರ್ ಬಂದರೇ ಆಗುವ ಕೆಲಸ, ನಮ್ಮಂಥವರಿಂದ ಆಗುವುದಿಲ್ಲ ಎಂದ. ನಮ್ಮಂಥವರಿಂದ ಎಂಬ ಆ ಮಾತು ನನ್ನನ್ನು ಕೆಡಿಸಿತು.

"ಹಾರಿ ಗುದ್ದಲಿ ಕೊಡ್ರಿ," ಎಂದೆ.

ಬಚ್ಚಲ ನೀರು ಹರಿದು ನೆಲ ಸದಾ ಹಸಿಯಾಗಿರುವ ಜಾಗ ಆರಿಸಿದೆ. ಅಂಗಿ ಬಿಚ್ಚಿ ಎದೆಮಟ್ಟ ಗುಂಡಿ ತೋಡಿದೆ. ಬೇಡವೆಂದರೂ ಲೈಟು ಕೆಲಸದವನು ಮಣ್ಣು ಎಳೆದು ಹಾಕಿದ. ಹಳೆಯ ಬೋರಿನ ಪೈಪಿನ ಒಂದು ತುಂಡು ನಡುವೆ ನಿಲ್ಲಿಸಿದೆ. ಚಾಚಾ ಒಲೆಯ ಇದ್ದಿಲನ್ನು ಬುಟ್ಟಿಗಟ್ಟಲೆ ಕೊಟ್ಟರು, ಆದರೆ ಉಪ್ಪಿನ ಚೀಲ ಕೇಳಿದಾಗ ನಾಳಿನ ಬುತ್ತಿಗೆ ಉಳಿಸು ಬೇಟಾ ಎಂದು ಗೊಣಗಿದರು. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮೇಲೆ ಕೊಡಗಟ್ಟಲೆ ನೀರು. ಮೋಟರ್ ಸುತ್ತುವ ತಂತಿಯ ಬಣ್ಣ ಕೆರೆದು, ಹಲವು ಎಳೆ ಹೊಸೆದು, ಪ್ಲಗ್ಗಿನೊಳಗಿನ ಆ ಗಂಟು ಕಿತ್ತುಹಾಕಿ, ಪೈಪಿನಿಂದ ಪ್ಲಗ್ಗಿನವರೆಗೆ ಎಳೆದೆ. ಈ ಸಲ ಟೆಸ್ಟ್ ಲ್ಯಾಂಪನ್ನು ಕರೆಂಟಿನ ತೂತಿಗೂ ಈ ಹೊಸ ತಂತಿಗೂ ಹಚ್ಚಿ ನೋಡಿದೆ, ಬಲ್ಬು ಪೂರ್ತಿ ಬೆಳಗಿತು, ಅಂದರೆ ನೆಲ ಸಿಕ್ಕಿತ್ತು. ಷಡ್ಡಕ ಚಾರ್ಜರ್ ಹಚ್ಚಿದ.

ಹಸಿರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಊಟದ ಗಡಿಬಿಡಿಯಲ್ಲಿದ್ದರು.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಇನ್ನೂರು ಕಿಲೋಮೀಟರಿನ ಮೇಲೆ ತೋರಿಸುತ್ತಿತ್ತು. ನಿಂಬೆಹಣ್ಣು ಅದರ ಗಾಲಿಯ ಕೆಳಗೆ ಹೋಯಿತು, ಹೂವಿನ ಸರ ಅದರ ಮುಖದ ಮೇಲೆ. ನನ್ನ ಗಾಡಿಯಲ್ಲಿ ಪಾತ್ರೆ ಪಡಗ, ಅತ್ತೆ, ನನ್ನ ಹೆಂಡತಿ. ಚಿಂಚೋಳಿ ದಾಟುವ ತನಕ ಬೆನ್ನು ಬಿಡದೆ ಹೋದೆ. ಸೇಡಂ ಆಚೆ ರಸ್ತೆ ನೆಟ್ಟಗಾಯಿತು. ಮುಂದೆ ಒಂದು ಸಿಮೆಂಟಿನ ಲಾರಿ ಇತ್ತು. ಷಡ್ಡಕ ಸ್ವಲ್ಪವೇ ತುಳಿದಿರಬೇಕು. ಆ ಕಾರು ಸಪ್ಪಳವಿಲ್ಲದೆ ಲಾರಿಯ ಪಕ್ಕದಿಂದ ಜಾರಿ ಹೋಯಿತು. ನಾನು ಗೇರು ಇಳಿಸಿ, ಡೀಸೆಲ್ ಕುಡಿಸಿ, ಹೊಗೆಯೆಬ್ಬಿಸಿ ಲಾರಿ ದಾಟುವ ಹೊತ್ತಿಗೆ ಮುಂದೆ ಬರೀ ರಸ್ತೆ.

"ನೀವೇ ಮೇಯಿಸಿದ ಕುದುರಿ," ಎಂದಳು ಹೆಂಡತಿ. ಹಿಂದೆ ಅತ್ತೆ ಸೆರಗಿನಲ್ಲಿ ನಕ್ಕರು.

ಚಿತ್ತಾಪುರದಲ್ಲಿ ಇನ್ನೂ ಕಷ್ಟವಾಯಿತು. ಷಡ್ಡಕ ಗಂಡಿನ ಕಡೆಯವರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, ನಮ್ಮಣ್ಣ ಇಲ್ಲದಿದ್ದರೆ ಇವತ್ತು ಈ ಗಾಡಿ ಇಲ್ಲಿಗೆ ಬರುತ್ತಿರಲಿಲ್ಲ ಎಂದು ಎಲ್ಲರಿಗೂ ಹೇಳಿದ. ಅವನು ಸಣ್ಣತನ ತೋರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಕಾರೂ ಅವನದೇ, ದೊಡ್ಡ ಮನಸ್ಸೂ ಅವನದೇ ಆಯಿತು.

ಚಿಮ್ಮನಚೋಡದಲ್ಲಿ ಈಗ ಫ್ರಿಜ್ಜನ್ನು ಬರಿಗೈಯಲ್ಲಿ ತೆಗೆಯುತ್ತಾರೆ. ಗುಂಡಿ ಒಣಗಿದರೆ ಕರೆಂಟು ನೆಲಕ್ಕೆ ಇಳಿಯುವುದಿಲ್ಲ, ಅದಕ್ಕೆ ವಾರಕ್ಕೊಮ್ಮೆ ನೀರು ಹಾಕಲು ಹೇಳಿದ್ದೇನೆ, ಹಾಕುತ್ತಾರಂತೆ.

ಮದುವೆ ಮುಗಿಸಿ ವಾಡಿಗೆ ಬಂದ ಮೇಲೆ ನಾನೊಂದು ಕೆಲಸ ಮಾಡಿದೆ. ಅಂಗಡಿಯ ಹೊರಗೋಡೆಗೆ, ರಸ್ತೆಯಿಂದ ಕಾಣುವಂತೆ, ದಪ್ಪ ತಂತಿಯ ಹೊಸ ಪ್ಲಗ್ ಪಾಯಿಂಟ್ ಹಾಕಿದೆ. ಅದಕ್ಕೆಂದೇ ಬೇರೆ ಅರ್ಥಿಂಗ್ ಗುಂಡಿ, ಈ ಸಲ ತಾಮ್ರದ ಪಟ್ಟಿಯದು. ಹೆಂಡತಿ ಯಾಕೆ ಎಂದು ಕೇಳಿದರೆ ಮೋಟರ್ ಟೆಸ್ಟ್ ಮಾಡಲು ಎಂದೆ. ಷಡ್ಡಕ ವಾರಕ್ಕೊಮ್ಮೆ ಶಹಾಬಾದಿಗೆ ಹೋಗುವುದು ನನ್ನ ಅಂಗಡಿಯ ಮುಂದಿನಿಂದಲೇ. ಒಂದಲ್ಲ ಒಂದು ದಿನ ಅವನ ಕಾರಿನಲ್ಲಿ ಕರೆಂಟು ತೀರುತ್ತದೆ, ಇಳಿದು ಬಂದು ಅಣ್ಣಾ ಸ್ವಲ್ಪ ಹಚ್ಚಲೇ ಎಂದು ಕೇಳುತ್ತಾನೆ, ನಾನು ಕೆಲಸದಿಂದ ತಲೆಯೆತ್ತದೆ ಹಚ್ಚು ಎನ್ನುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ವರ್ಷವಾಗುತ್ತ ಬಂತು. ಅವನು ಹೋಗುವಾಗ ಕೈ ಎತ್ತುತ್ತಾನೆ, ಬರುವಾಗ ಕೈ ಎತ್ತುತ್ತಾನೆ. ಸೇಡಂನಿಂದ ಶಹಾಬಾದಿಗೆ ಹೋಗಿ ಬಂದರೂ ತುಂಬಿದ ಕರೆಂಟಿನ ಕಾಲುಭಾಗವೂ ಖರ್ಚಾಗುವುದಿಲ್ಲವಂತೆ. ಒಂದು ಸಲವೂ ನಿಲ್ಲಿಸಿಲ್ಲ. ನಾನು ಮಾತ್ರ ಪ್ರತಿ ಸೋಮವಾರ ಆ ಗುಂಡಿಗೆ ಎರಡು ಕೊಡ ನೀರು ಹಾಕುತ್ತೇನೆ.